ನ್ಯೂಯಾರ್ಕ್ ಸಬ್‌ವೇ: ಎಫ್ ಮತ್ತು ಎಂ ಸುರಂಗ ಬದಲಿಸಿಕೊಂಡ ಕಥೆ

2025ರ ಡಿಸೆಂಬರ್ 8, ಸೋಮವಾರ. ಅವತ್ತು ಬೆಳಗ್ಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ, ಅಂದರೆ ಆ ಊರಿನ ಮೆಟ್ರೋದಲ್ಲಿ, ಎಫ್ ರೈಲು ಮತ್ತು ಎಂ ರೈಲು ತಮ್ಮ ಸುರಂಗಗಳನ್ನು ಅದಲುಬದಲು ಮಾಡಿಕೊಂಡವು. ನಗರದ ಕ್ವೀನ್ಸ್ ಭಾಗದಿಂದ ಮ್ಯಾನ್‌ಹಟನ್‌ಗೆ ಬರಲು ಈಸ್ಟ್ ರಿವರ್‌ನ ಅಡಿಯಿಂದ ದಾಟಬೇಕಲ್ಲ, ಅಲ್ಲಿ ಎಫ್ ಇಷ್ಟು ದಿನ 63ನೇ ಬೀದಿಯ ಸುರಂಗದಲ್ಲಿ ಹೋಗುತ್ತಿತ್ತು, ಎಂ 53ನೇ ಬೀದಿಯದರಲ್ಲಿ. ಈಗ ಸೋಮವಾರದಿಂದ ಶುಕ್ರವಾರದವರೆಗೆ ಹಗಲು ಹೊತ್ತು ಎಫ್ 53ರಲ್ಲಿ, ಎಂ 63ರಲ್ಲಿ. ರಾತ್ರಿ ಮತ್ತು ಶನಿವಾರ ಭಾನುವಾರ ಎಫ್ ಮತ್ತೆ ಹಳೇ ದಾರಿ ಹಿಡಿಯುತ್ತದೆ.

ಇಷ್ಟೇ. ಒಂದಡಿ ಹೊಸ ಹಳಿ ಹಾಕಿಲ್ಲ, ಒಂದು ಹೊಸ ನಿಲ್ದಾಣ ಕಟ್ಟಿಲ್ಲ. ಆದರೂ ಸಬ್‌ವೇ ಹುಚ್ಚು ಇರುವವರ ಮಟ್ಟಿಗೆ ಇದು ದೊಡ್ಡ ಸುದ್ದಿ. ಇಂಥದ್ದೊಂದು ಬದಲಾವಣೆ ಬೇಕು ಅಂತ ಅವರು ವರ್ಷಗಳಿಂದ ನಕ್ಷೆ ಬರೆದು ಬರೆದು ಜಗಳ ಆಡುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಈ ಜಗಳ ಅರ್ಥವೇ ಆಗುವುದಿಲ್ಲ. ಅಕ್ಷರಗಳು, ಸಂಖ್ಯೆಗಳು, ಬೀದಿ ನಂಬರುಗಳು, ನಡುವೆ ಯಾರೋ ಒಬ್ಬರು ಸಿಟ್ಟಿನಿಂದ "ಡೀಕಾಲ್ಬ್ ಸರಿಮಾಡದೆ ಏನೂ ಆಗಲ್ಲ" ಅನ್ನುವುದು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕ್ವೀನ್ಸ್ ಬುಲೆವಾರ್ಡ್ ಮಾರ್ಗವನ್ನೇ ಹತ್ತಿರದಿಂದ ನೋಡೋಣ. ಅಲ್ಲಿ ನಾಲ್ಕು ಹಳಿಗಳಿವೆ. ನಡುವಿನ ಎರಡು ಎಕ್ಸ್‌ಪ್ರೆಸ್‌ಗೆ, ಹೊರಗಿನ ಎರಡು ಲೋಕಲ್‌ಗೆ. ಇ ಮತ್ತು ಎಫ್ ಎಕ್ಸ್‌ಪ್ರೆಸ್, ಎಂ ಮತ್ತು ಆರ್ ಲೋಕಲ್. ಲೋಕಲ್ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತದೆ, ಎಕ್ಸ್‌ಪ್ರೆಸ್ ದೊಡ್ಡ ನಿಲ್ದಾಣಗಳಲ್ಲಿ ಮಾತ್ರ. ನದಿಯ ಹತ್ತಿರ ಬರುತ್ತಿದ್ದಂತೆ ಈ ನಾಲ್ಕು ರೈಲುಗಳಿಗೆ ಮೂರು ಸುರಂಗ ಸಿಗುತ್ತವೆ: 53ನೇ ಬೀದಿ, 60ನೇ ಬೀದಿ, 63ನೇ ಬೀದಿ. ತೊಂದರೆ ಶುರುವಾಗುವುದು ಇಲ್ಲೇ.

ಹಳೇ ವ್ಯವಸ್ಥೆಯಲ್ಲಿ ಇ ರೈಲು 53ಕ್ಕೆ, ಆರ್ 60ಕ್ಕೆ, ಎಫ್ 63ಕ್ಕೆ ಹೋಗುತ್ತಿದ್ದವು. ಲೋಕಲ್ ಹಳಿಯಲ್ಲಿದ್ದ ಎಂ ಮಾತ್ರ ಕ್ವೀನ್ಸ್ ಪ್ಲಾಜಾ ನಿಲ್ದಾಣ ದಾಟಿದ ಮೇಲೆ ಪಕ್ಕಕ್ಕೆ ಸರಿದು, ಇ ಓಡುವ ಹಳಿಗೆ ಸೇರಿಕೊಂಡು 53ನೇ ಬೀದಿಯ ಸುರಂಗಕ್ಕೆ ಇಳಿಯಬೇಕಿತ್ತು. ಈಗ ಒಂದು ಬೆಳಗ್ಗೆ ಊಹಿಸಿಕೊಳ್ಳಿ. ಎಂ ಕ್ವೀನ್ಸ್ ಪ್ಲಾಜಾಕ್ಕೆ ಬಂದು ನಿಂತಿದೆ, ಬಾಗಿಲು ಮುಚ್ಚಿದೆ, ಹೊರಡಬೇಕು. ಆದರೆ ಇ ಇನ್ನೂ ಬರಬೇಕು, ಅದು 40 ಸೆಕೆಂಡು ತಡ. ಇ ಹೋದ ಮೇಲೆ ಎಂಗೆ ಸಿಗ್ನಲ್. ಸರಿ, 40 ಸೆಕೆಂಡು ತಾನೇ ಅನ್ನಬಹುದು. ಎಂ ಹಿಂದೆಯೇ ಒಂದು ಆರ್ ನಿಂತಿದೆ ನೋಡಿ. ಆರ್‌ಗೆ ಇ ಜೊತೆ ಯಾವ ಸಂಬಂಧವೂ ಇಲ್ಲ, ಅದರ 60ನೇ ಬೀದಿಯ ಸುರಂಗ ಖಾಲಿ ಬಿದ್ದಿದೆ. ಆದರೆ ಮುಂದಿರುವ ಎಂ ಕದಲದೆ ಅದು ಎಲ್ಲಿಗೆ ಹೋಗಬೇಕು? ಆರ್ ಹಿಂದೆ ಇನ್ನೊಂದು ಎಂ. ಹೀಗೆ ಸಾಲು ಬೆಳೆಯುತ್ತದೆ. ಎಲ್ಲೋ ಕ್ವೀನ್ಸ್‌ನ ಜಮೈಕಾ ಬಡಾವಣೆಯಲ್ಲಿ ಒಬ್ಬರ ಬ್ಯಾಗು ಇ ರೈಲಿನ ಬಾಗಿಲಿಗೆ ಸಿಕ್ಕಿಕೊಂಡರೆ, ಆ ತಡಕ್ಕೂ ತನಗೂ ಸಂಬಂಧವೇ ಇಲ್ಲದ ಆರ್ ರೈಲಿನಲ್ಲಿ ಕೂತವರು ಕತ್ತಲಲ್ಲಿ ಗೋಡೆ ನೋಡುತ್ತಾ ಕೂರಬೇಕು. ಎದುರು ದಿಕ್ಕಿನಲ್ಲೂ ಇದೇ ಪಾಡು. ಮ್ಯಾನ್‌ಹಟನ್‌ನಿಂದ ಬರುವ ಎಫ್ 63ರ ಸುರಂಗದಿಂದ ಹೊರಬಂದು ಎಕ್ಸ್‌ಪ್ರೆಸ್ ಹಳಿಗೆ ಸೇರುವಾಗ ಇ ಜೊತೆ ಲೆಕ್ಕ ಹೊಂದಿಸಿಕೊಳ್ಳಬೇಕಿತ್ತು.

ಈಗ ಏನಾಗಿದೆ ಅಂದರೆ, ಎಕ್ಸ್‌ಪ್ರೆಸ್ ಹಳಿಯ ಇ ಮತ್ತು ಎಫ್ ಎರಡೂ ಜೊತೆಯಾಗಿಯೇ 53ಕ್ಕೆ ಹೋಗುತ್ತವೆ. ಲೋಕಲ್ ಹಳಿಯಿಂದ ಎಂ 63ಕ್ಕೆ ಕವಲೊಡೆಯುತ್ತದೆ, ಆರ್ ನೇರ 60ಕ್ಕೆ. ಈ ಜಾಗದಲ್ಲಿ ಎಕ್ಸ್‌ಪ್ರೆಸ್ ಮತ್ತು ಲೋಕಲ್ ಒಂದನ್ನೊಂದು ಮುಟ್ಟುವುದೇ ಇಲ್ಲ. ಇದಕ್ಕೆ ರೈಲು ಹುಚ್ಚರ ಭಾಷೆಯಲ್ಲಿ ಡಿಇಂಟರ್‌ಲೈನಿಂಗ್ ಅನ್ನುತ್ತಾರೆ. ಬಾಯಿಗೆ ಬಾರದ ಪದ. ನಾನು ಸುಮ್ನೆ ಸಿಕ್ಕು ಬಿಡಿಸುವುದು ಅಂತೀನಿ.

ಪೂರ್ತಿ ಸಿಕ್ಕು ಬಿಡಿಸಿದ್ದಾರೆ ಅಂತಲ್ಲ. ಮ್ಯಾನ್‌ಹಟನ್‌ನಲ್ಲಿ ಎಫ್ ಮತ್ತು ಎಂ ಎರಡೂ ಆರನೇ ಅವೆನ್ಯೂದ ಲೋಕಲ್ ಹಳಿಗೇ ಬಂದು ಸೇರಬೇಕು. ರಾಕ್‌ಫೆಲ್ಲರ್ ಸೆಂಟರ್ ಹತ್ತಿರ ಮೊದಲೂ ಸೇರುತ್ತಿದ್ದವು, ಈಗಲೂ ಸೇರುತ್ತವೆ. ಯಾವ ಕಡೆಯಿಂದ ಯಾರು ಬರುತ್ತಾರೆ ಅನ್ನುವುದು ಮಾತ್ರ ತಿರುಗುಮುರುಗಾಗಿದೆ.

ಇದರಿಂದ ಕೆಲವರಿಗೆ ನಷ್ಟವೂ ಆಗಿದೆ. ರೂಸ್‌ವೆಲ್ಟ್ ಐಲೆಂಡ್ ಅಂತ ನದಿಯ ಮಧ್ಯೆ ಒಂದು ಉದ್ದನೆಯ ದ್ವೀಪ ಇದೆ, ಅಲ್ಲಿ ಇರುವುದು ಒಂದೇ ಒಂದು ಸಬ್‌ವೇ ನಿಲ್ದಾಣ, 1989ರಲ್ಲಿ ತೆರೆದದ್ದು. ಅವರಿಗೆ ಎಫ್ ಸಿಗುತ್ತಿತ್ತು, ಈಗ ವಾರದ ದಿನಗಳಲ್ಲಿ ಹಗಲು ಎಂ. ಎಂ ಅಷ್ಟು ಪದೇ ಪದೇ ಬರುವುದಿಲ್ಲ. ಜೊತೆಗೆ ಅದು ಗಿಡ್ಡ ರೈಲು. ಎಂ ರೈಲು ಮುಂದೆ ಹೋಗಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಕಡೆಯ ಹಳೇ ಎತ್ತರದ ಮಾರ್ಗದಲ್ಲಿ ಓಡುತ್ತದೆ, ಅಲ್ಲಿನ ಪ್ಲಾಟ್‌ಫಾರ್ಮುಗಳಲ್ಲಿ 8 ಬೋಗಿ, ಅಂದರೆ 480 ಅಡಿ ಮಾತ್ರ ಹಿಡಿಸುತ್ತದೆ. ಎಫ್ 600 ಅಡಿ. ನದಿಯ ಆಚೆ ಬ್ರೂಕ್ಲಿನ್‌ನ ಪ್ಲಾಟ್‌ಫಾರ್ಮು ಗಿಡ್ಡ ಇದ್ದದ್ದಕ್ಕೆ ದ್ವೀಪದವರು ಇಕ್ಕಟ್ಟಿನಲ್ಲಿ ನಿಲ್ಲಬೇಕು. ಸಬ್‌ವೇ ನಕ್ಷೆಯಲ್ಲಿ ಇಂಥದ್ದೆಲ್ಲ ಕಾಣುವುದೇ ಇಲ್ಲ.

ಎಫ್‌ನವರಿಗೆ ಮಾತ್ರ ಲಾಭವೇ. ಕೋರ್ಟ್ ಸ್ಕ್ವೇರ್‌ನಲ್ಲಿ ಜಿ ಮತ್ತು 7 ಸಿಗುತ್ತವೆ, ಲೆಕ್ಸಿಂಗ್‌ಟನ್ ಅವೆನ್ಯೂ-53ರಲ್ಲಿ 6 ಸಿಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ, ಭಯಪಡಬೇಡಿ, ಸುಲಭದ ಲೆಕ್ಕ. ಒಂದು ಹಳಿಯಲ್ಲಿ ಗಂಟೆಗೆ ಸುಮಾರು 30 ರೈಲು ಬಿಡಬಹುದು ಅನ್ನುವುದು ಸಬ್‌ವೇ ಲೋಕದಲ್ಲಿ ಎಲ್ಲರೂ ಇಟ್ಟುಕೊಳ್ಳುವ ಅಂದಾಜು. ಅಂದರೆ ಎರಡು ನಿಮಿಷಕ್ಕೊಂದು. ಆ ಹಳಿಯಲ್ಲಿ ಒಂದೇ ರೈಲು ಮಾರ್ಗ ಇದ್ದರೆ 30ಕ್ಕೆ 30 ಅದರದೇ. ಎರಡು ಮಾರ್ಗ ಹಂಚಿಕೊಂಡರೆ ತಲಾ 15, ಅಂದರೆ ನಿಮ್ಮ ರೈಲು ನಾಲ್ಕು ನಿಮಿಷಕ್ಕೊಂದು. ಆಮೇಲೆ ಆ ಎರಡರಲ್ಲಿ ಒಂದು ಮುಂದೆ ಹೋಗಿ ಇನ್ನೊಂದು ಹಳಿಯಲ್ಲಿ ಮತ್ತೆ ಬೇರೆ ಎರಡರ ಜೊತೆ ಸೇರಿದರೆ? ಅಲ್ಲಿಗೆ ಸರಿಯಾದ ಹೊತ್ತಿಗೆ ತಲುಪಬೇಕು, ಇಲ್ಲೂ ಸರಿಯಾದ ಹೊತ್ತಿಗೆ ಹೊರಡಬೇಕು. ಕಾಗದದ ಮೇಲೆ ವೇಳಾಪಟ್ಟಿ ಹೊಂದುತ್ತದೆ. ನಿಜದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ವೇಳಾಪಟ್ಟಿ ಮಾಡುವವರು ಮೊದಲೇ ಒಂದಷ್ಟು ಜಾಗ ಖಾಲಿ ಬಿಡುತ್ತಾರೆ. ಆ ಖಾಲಿ ಜಾಗ ಅಂದರೆ ಓಡದೇ ಹೋದ ರೈಲು.

ಸೇರುವ ಜಾಗ ಜಾಸ್ತಿ ಆದಷ್ಟೂ ಒಂದು ಕಡೆಯ ತೊಂದರೆ ಇಡೀ ಊರಿಗೆ ಹರಡುತ್ತದೆ. ಆರ್ ರೈಲನ್ನೇ ನೋಡಿ. ಬ್ರೂಕ್ಲಿನ್‌ನ ಬೇ ರಿಡ್ಜ್‌ನಿಂದ ಹೊರಟು, ಮ್ಯಾನ್‌ಹಟನ್‌ನ ಬ್ರಾಡ್‌ವೇಯಲ್ಲಿ ಡಬ್ಲ್ಯೂ ಜೊತೆ ಸೇರಿ, 34ನೇ ಬೀದಿ ಆದ ಮೇಲೆ ಎಕ್ಸ್‌ಪ್ರೆಸ್ ಹಳಿಯಿಂದ ಲೋಕಲ್‌ಗೆ ದಾಟಿಕೊಳ್ಳುವ ಎನ್‌ಗೂ ಜಾಗ ಬಿಟ್ಟು, ಮೂವರೂ 60ನೇ ಬೀದಿಯ ಸುರಂಗ ದಾಟಿ, ಆಮೇಲೆ ಕ್ವೀನ್ಸ್‌ನಲ್ಲಿ ಎಂ ಜೊತೆ ಹಳಿ ಹಂಚಿಕೊಂಡು ಫಾರೆಸ್ಟ್ ಹಿಲ್ಸ್ ತಲುಪಬೇಕು. ಬೇ ರಿಡ್ಜ್‌ನಲ್ಲಿ ತಡವಾದ ಆರ್‌ನಿಂದ ಆಸ್ಟೋರಿಯಾಕ್ಕೆ ಹೋಗುವ ಎನ್ ತಡ. ಎನ್‌ನಿಂದ, ಅದರ ಹಿಂದೆ ಎಕ್ಸ್‌ಪ್ರೆಸ್ ಹಳಿಯಲ್ಲಿ ಕಾಯುವ ಕ್ಯೂ ತಡ. ಯಾರದೋ ಮನೆಯ ಜಗಳಕ್ಕೆ ಬೀದಿಯೆಲ್ಲ ಎದ್ದು ಕೂತಂತೆ.

ಇದಕ್ಕೆ ವಿರುದ್ಧ ಉದಾಹರಣೆ ಬೇಕಾ? 7 ಮತ್ತು ಎಲ್. ಎರಡೂ ತಮ್ಮ ಹಳಿಯನ್ನು ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ. ಹೊಸ ಕಂಪ್ಯೂಟರ್ ಸಿಗ್ನಲ್ ವ್ಯವಸ್ಥೆ, ಅದೇ ಸಿಬಿಟಿಸಿ, ಮೊದಲು ಹಾಕಿದ್ದು ಎಲ್‌ನಲ್ಲಿ, ಆಮೇಲೆ 2018ರಲ್ಲಿ 7ರಲ್ಲಿ ಅದು ಪೂರ್ತಿ ಆಯಿತು. ಒಂಟಿ ಮಾರ್ಗ ಆದ್ದರಿಂದಲೇ ಅವುಗಳಿಂದ ಶುರುಮಾಡುವುದು ಸುಲಭವಾಯಿತು.

ಹಾಗಾದರೆ ಇಷ್ಟೊಂದು ಸಿಕ್ಕು ಹಾಕಿದ್ದು ಯಾರು? ಒಬ್ಬರಲ್ಲ, ಮೂರು ಜನ. 1904ರ ಅಕ್ಟೋಬರ್ 27ರಂದು ಐಆರ್‌ಟಿ ಅನ್ನುವ ಖಾಸಗಿ ಕಂಪನಿ ಮೊದಲ ಸಬ್‌ವೇ ಶುರುಮಾಡಿತು. ಬ್ರೂಕ್ಲಿನ್ ಕಡೆಯಿಂದ ಬಿಎಂಟಿ ಅನ್ನುವ ಇನ್ನೊಂದು ಕಂಪನಿ ಬೆಳೆಯಿತು. ಇವರಿಬ್ಬರ ಮೇಲೆ ಪೈಪೋಟಿಗೆ ನಗರಾಡಳಿತವೇ 1932ರಲ್ಲಿ ಐಎನ್‌ಡಿ ಅಂತ ಮೂರನೆಯದನ್ನು ತೆರೆಯಿತು. 1940ರಲ್ಲಿ ಮೂರನ್ನೂ ನಗರ ಒಂದೇ ಆಡಳಿತಕ್ಕೆ ತಂದಿತು. ಮೂರು ಬೇರೆ ಬೇರೆ ಮನೆಗಳ ಗೋಡೆ ಒಡೆದು ಒಂದು ಮನೆ ಮಾಡಿದಂತೆ. ಬಾಗಿಲುಗಳು ಎಲ್ಲೆಲ್ಲೋ ಬಂದವು.

ಐಆರ್‌ಟಿ ಸುರಂಗಗಳು ಕಿರಿದು. ಸಂಖ್ಯೆ ಇರುವ ರೈಲುಗಳೆಲ್ಲ (1 ರಿಂದ 7) ಅಲ್ಲಿಯವು, ಸುಮಾರು 8 ಅಡಿ 9 ಅಂಗುಲ ಅಗಲ. ಅಕ್ಷರ ಇರುವ ರೈಲುಗಳು 10 ಅಡಿ ಅಗಲ. ಅಕ್ಷರದ ರೈಲು ಸಂಖ್ಯೆಯ ಸುರಂಗಕ್ಕೆ ನುಗ್ಗುವುದಿಲ್ಲ. ಸಂಖ್ಯೆಯ ರೈಲು ಅಕ್ಷರದ ನಿಲ್ದಾಣಕ್ಕೆ ಬಂದರೆ ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ಹೊಸದಾಗಿ ಈ ಹುಚ್ಚು ಹಿಡಿದವರು ಮಾಡುವ ಮೊದಲ ತಪ್ಪೇ ಇದು. 7ರ ತುದಿ 34ನೇ ಬೀದಿ-ಹಡ್ಸನ್ ಯಾರ್ಡ್ಸ್‌ನಲ್ಲಿದೆ, ಎಲ್‌ನ ತುದಿ 14ನೇ ಬೀದಿಯ ಎಂಟನೇ ಅವೆನ್ಯೂದಲ್ಲಿದೆ, ನಡುವೆ ಒಂದು ಸಣ್ಣ ಗೆರೆ ಎಳೆದರೆ ಎಷ್ಟು ಚೆಂದದ ಮಾರ್ಗ ಅಲ್ವಾ? ಚೆಂದವೇ. 7 ಕಿರಿದು, ಎಲ್ ಅಗಲ. ಅಲ್ಲಿಗೆ ಮುಗಿಯಿತು.

ಬಿಎಂಟಿ ಮತ್ತು ಐಎನ್‌ಡಿ ಎರಡರದೂ ಅಗಲದ ರೈಲುಗಳೇ ಆದ್ದರಿಂದ ಅವನ್ನು ಜೋಡಿಸಬಹುದಿತ್ತು. ಜೋಡಿಸಿದರು. ಅದರಲ್ಲಿ ದೊಡ್ಡದು 1967ರ ನವೆಂಬರ್ 26ರಂದು ತೆರೆದ ಕ್ರಿಸ್ಟಿ ಸ್ಟ್ರೀಟ್ ಕೊಂಡಿ. ಆರನೇ ಅವೆನ್ಯೂದ ಮಾರ್ಗವನ್ನು ಮ್ಯಾನ್‌ಹಟನ್ ಬ್ರಿಡ್ಜ್‌ಗೂ ವಿಲಿಯಮ್ಸ್‌ಬರ್ಗ್ ಬ್ರಿಡ್ಜ್‌ಗೂ ಅದು ಜೋಡಿಸಿತು. ಆಗಿನ ಆಸೆ ಏನೆಂದರೆ ಎಲ್ಲಿಂದ ಹತ್ತಿದರೂ ಎಲ್ಲಿಗೆ ಬೇಕಾದರೂ ಇಳಿಯದೆ, ಬದಲಿಸದೆ ಹೋಗಬೇಕು. ಒಂದೇ ಸೀಟಿನ ಪ್ರಯಾಣ. ಆ ಆಸೆಯಲ್ಲಿ ತಪ್ಪೇನಿಲ್ಲ, ಕೂತ ಸೀಟು ಬಿಟ್ಟು ಏಳುವುದು ಯಾರಿಗೆ ಇಷ್ಟ? ಆದರೆ ಎಲ್ಲರಿಗೂ ನೇರ ರೈಲು ಕೊಡಬೇಕಾದರೆ ಎಲ್ಲ ರೈಲುಗಳೂ ಎಲ್ಲ ಕಡೆ ಹೋಗಬೇಕು, ಹೋಗಬೇಕಾದರೆ ಒಂದರ ದಾರಿಯನ್ನು ಒಂದು ತುಳಿಯಬೇಕು.

ಆ ತುಳಿತ ಅತಿ ಹೆಚ್ಚು ನಡೆಯುವ ಜಾಗಗಳಲ್ಲಿ ಒಂದು ಬ್ರೂಕ್ಲಿನ್‌ನ ಡೀಕಾಲ್ಬ್ ಅವೆನ್ಯೂ. ಮೇಲೆ ಸಿಟ್ಟಿನಲ್ಲಿ ಕೂಗಿದವರು ನೆನಪಿದ್ದಾರಲ್ಲ, ಅವರ ಡೀಕಾಲ್ಬ್. ಮ್ಯಾನ್‌ಹಟನ್ ಬ್ರಿಡ್ಜ್‌ನ ಉತ್ತರದ ಬದಿಯಲ್ಲಿ ಬಿ ಮತ್ತು ಡಿ ಬರುತ್ತವೆ, ದಕ್ಷಿಣದ ಬದಿಯಲ್ಲಿ ಎನ್ ಮತ್ತು ಕ್ಯೂ. ಸೇತುವೆ ಇಳಿದ ಕೂಡಲೇ ಜೋಡಿ ಬದಲು. ಬಿ ಮತ್ತು ಕ್ಯೂ ಸೇರಿ ಬ್ರೈಟನ್ ಮಾರ್ಗಕ್ಕೆ ಹೋಗುತ್ತವೆ, ಡಿ ಮತ್ತು ಎನ್ ಸೇರಿ ನಾಲ್ಕನೇ ಅವೆನ್ಯೂಗೆ. ಯಾವುದೇ ಒಂದು ತಡ ಮಾಡಿದರೂ ಉಳಿದ ಮೂರಕ್ಕೆ ಬಿಸಿ ತಟ್ಟುತ್ತದೆ.

ಸಿಕ್ಕು ಬಿಡಿಸುವವರ ಸಲಹೆ ಒಂದೇ ಸಾಲಿನದು. ಉತ್ತರದ ಬದಿಯಿಂದ ಬಂದ ಬಿ ಮತ್ತು ಡಿ ಎರಡೂ ನಾಲ್ಕನೇ ಅವೆನ್ಯೂಗೆ ಹೋಗಲಿ. ದಕ್ಷಿಣದ ಎನ್ ಮತ್ತು ಕ್ಯೂ ಎರಡೂ ಬ್ರೈಟನ್‌ಗೆ. ಯಾರೂ ಯಾರ ದಾರಿಗೂ ಬರುವುದಿಲ್ಲ, ಸೇತುವೆಯ ಮೇಲೆ ಇನ್ನಷ್ಟು ರೈಲು ಓಡಿಸಬಹುದು. ಹೇಳಲು ಎಷ್ಟು ಸುಲಭ.

ಬ್ರೈಟನ್ ಮಾರ್ಗದವರನ್ನು ಕೇಳಿ. ಇವತ್ತು ಅವರು ಬಿ ಹತ್ತಿ ನೇರ ಗ್ರ್ಯಾಂಡ್ ಸ್ಟ್ರೀಟ್‌ಗೆ, ಆರನೇ ಅವೆನ್ಯೂಗೆ ಹೋಗುತ್ತಾರೆ. ನಾಳೆ ಅವರು ಎಲ್ಲಿ ಬದಲಿಸಬೇಕು? ಅಟ್ಲಾಂಟಿಕ್ ಅವೆನ್ಯೂ-ಬಾರ್ಕ್ಲೇಸ್ ಸೆಂಟರ್‌ನಲ್ಲಿ. ನಕ್ಷೆಯಲ್ಲಿ ಅದು ಒಂದೇ ಚುಕ್ಕೆ. ಒಳಗೆ ಹೋದರೆ ಬಿ, ಕ್ಯೂ ಪ್ಲಾಟ್‌ಫಾರ್ಮು ಒಂದು ಕಡೆ, ಡಿ, ಎನ್, ಆರ್ ಪ್ಲಾಟ್‌ಫಾರ್ಮು ಇನ್ನೊಂದು ಕಡೆ. ಮೆಟ್ಟಿಲು, ಉದ್ದದ ದಾರಿ, ನಡುವೆ ಸಂಖ್ಯೆಯ ರೈಲುಗಳ ಜನಸಾಗರ, ಮತ್ತೆ ಮೆಟ್ಟಿಲು. ದಿನಾ ಎರಡು ಸಲ ಇದನ್ನು ಮಾಡಿ ಅಂತ ಮೊಣಕಾಲು ನೋವಿರುವವರಿಗೆ ಹೇಳುವ ಧೈರ್ಯ ಯಾರಿಗಿದೆ?

ನನ್ನ ಅಭಿಪ್ರಾಯದಲ್ಲಿ ಇಡೀ ಚರ್ಚೆಯ ಗಂಟು ಇರುವುದು ಈ ಮೆಟ್ಟಿಲುಗಳಲ್ಲೇ. ಕ್ವೀನ್ಸ್‌ನಲ್ಲಿ ಎಫ್-ಎಂ ಬದಲಾವಣೆ ಸಾಧ್ಯವಾಗಲು ಒಂದು ದೊಡ್ಡ ಕಾರಣ, ಅಲ್ಲಿ ರೂಸ್‌ವೆಲ್ಟ್ ಅವೆನ್ಯೂ, ಫಾರೆಸ್ಟ್ ಹಿಲ್ಸ್ ತರಹದ ನಿಲ್ದಾಣಗಳಲ್ಲಿ ಲೋಕಲ್ ಮತ್ತು ಎಕ್ಸ್‌ಪ್ರೆಸ್ ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿಗೆ ಬಂದು ನಿಲ್ಲುತ್ತವೆ. ಈ ಬಾಗಿಲಿನಿಂದ ಇಳಿದು ಆ ಬಾಗಿಲಿಗೆ ಹತ್ತು ಹೆಜ್ಜೆ. ರೈಲು ಬದಲಿಸುವುದು ಕಷ್ಟ ಅಂತ ಯಾರಾದರೂ ಒಟ್ಟಾರೆಯಾಗಿ ಹೇಳಿದರೆ, ಎಲ್ಲಿ ಅಂತ ಕೇಳಬೇಕು. ಹತ್ತು ಹೆಜ್ಜೆಯ ಕಡೆ ಸಿಕ್ಕು ಬಿಡಿಸಿದರೆ ಜನ ಒಂದು ತಿಂಗಳು ಗೊಣಗಿ ಸುಮ್ಮನಾಗುತ್ತಾರೆ. ಐದು ನಿಮಿಷ ನಡೆಯಬೇಕಾದ ಕಡೆ ಬಿಡಿಸಿದರೆ ಸುಮ್ಮನಾಗುವುದಿಲ್ಲ, ಆಗಲೂಬಾರದು.

ಇದೇ ಡೀಕಾಲ್ಬ್‌ನ ಇನ್ನೊಂದು ಹಳೇ ಕಥೆ ಹೇಳಿ ಮುಂದೆ ಹೋಗುತ್ತೇನೆ. ಮ್ಯಾನ್‌ಹಟನ್ ಬ್ರಿಡ್ಜ್ ಕಟ್ಟಿದ್ದು 1909ರಲ್ಲಿ. ಹಳಿಗಳನ್ನು ಸೇತುವೆಯ ಎರಡು ಅಂಚುಗಳಲ್ಲಿ ಇಟ್ಟಿದ್ದರಿಂದ ಒಂದು ಬದಿಯಲ್ಲಿ ರೈಲು ಬಂದಾಗಲೆಲ್ಲ ಸೇತುವೆ ಆ ಕಡೆಗೆ ತಿರುಚಿಕೊಳ್ಳುತ್ತಿತ್ತು. ದಶಕಗಟ್ಟಲೆ ತಿರುಚಿ ತಿರುಚಿ ಕಬ್ಬಿಣ ಬಳಲಿತು. 1986ರಿಂದ 2004ರವರೆಗೆ ರಿಪೇರಿಗಾಗಿ ಒಂದಲ್ಲ ಒಂದು ಬದಿ ಹೆಚ್ಚುಕಮ್ಮಿ ಮುಚ್ಚಿಯೇ ಇತ್ತು. 2004ರ ಫೆಬ್ರವರಿ 22ರಂದು ನಾಲ್ಕೂ ಹಳಿ ತೆರೆದಾಗ ಬ್ರೂಕ್ಲಿನ್‌ನಲ್ಲಿ ಬಿ ಮತ್ತು ಡಿ ತಮ್ಮ ಹಳೇ ಜಾಗ ಬದಲಿಸಿಕೊಂಡವು. ಕಾರಣ ಸರಳ. ಬಿ ಶನಿವಾರ ಭಾನುವಾರ ಓಡುವುದಿಲ್ಲ, ಡಿ ದಿನದ 24 ಗಂಟೆಯೂ ಓಡುತ್ತದೆ. ಬ್ರೈಟನ್‌ನಲ್ಲಿ ಹೇಗೂ ಕ್ಯೂ ಇರುತ್ತದೆ, ಅಲ್ಲಿ ಬಿ ರಜೆ ಹಾಕಿದರೂ ನಡೆಯುತ್ತದೆ. ನಾಲ್ಕನೇ ಅವೆನ್ಯೂದಿಂದ ಕವಲೊಡೆಯುವ ವೆಸ್ಟ್ ಎಂಡ್ ಮಾರ್ಗಕ್ಕೆ ಬೇರೆ ಗತಿ ಇಲ್ಲ, ಅದಕ್ಕೆ ಡಿ. ನಕ್ಷೆ ಬರೆಯುವವರು ಸಾಮಾನ್ಯವಾಗಿ ಸೋಮವಾರ ಬೆಳಗ್ಗೆ ಎಂಟೂವರೆಯನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆಯುತ್ತಾರೆ. ಭಾನುವಾರ ರಾತ್ರಿ ಎರಡು ಗಂಟೆಗೂ ಅದೇ ನಕ್ಷೆ ನಡೆಯಬೇಕು, ಈ ಸಬ್‌ವೇ ಮಲಗುವುದೇ ಇಲ್ಲ. ಮಲಗದ ಕಾರಣ ಹಳಿ ರಿಪೇರಿಯನ್ನೂ ರೈಲು ಓಡುತ್ತಿರುವಾಗಲೇ ಮಾಡಬೇಕು, ಅದಕ್ಕೇ ವಾರಾಂತ್ಯದಲ್ಲಿ ಎಫ್ ಹೋಗಿ ಇ ದಾರಿ ಹಿಡಿಯಿತು, ಡಿ ಬಂದು ಎನ್ ದಾರಿ ಹಿಡಿಯಿತು ಅನ್ನುವ ನೋಟೀಸುಗಳು. ಇವಕ್ಕೆ ಅಲ್ಲಿಯವರು ಜಿ.ಒ. ಅನ್ನುತ್ತಾರೆ. ಆ ಅಡ್ಡದಾರಿಗಳು ಸಾಧ್ಯವಾಗುವುದು ಇದೇ ಸಿಕ್ಕಿನಿಂದ. ಅಂದರೆ ಹಳಿ ಬದಲಿಸುವ ಪಾಯಿಂಟ್ಸ್ ಕಿತ್ತು ಹಾಕಿ ಅಂತ ಯಾರೂ ಹೇಳುವುದಿಲ್ಲ. ಇರಲಿ, ದಿನಾ ಬಳಸಬೇಡಿ ಅನ್ನುವುದಷ್ಟೇ ವಾದ.

ಯಾರ್ಡ್ ವಿಷಯಕ್ಕೆ ಬರದೆ ಹೋದರೆ ಈ ಲೇಖನ ಅರ್ಧಂಬರ್ಧ. ರೈಲುಗಳು ರಾತ್ರಿ ಎಲ್ಲೋ ನಿಲ್ಲಬೇಕು, ತೊಳೆಯಬೇಕು, ಬ್ರೇಕು ನೋಡಬೇಕು. ಇದನ್ನು ಮರೆತ ಪ್ರಸ್ತಾಪಗಳೇ ಜಾಸ್ತಿ. 1987ಕ್ಕೆ ಮೊದಲು ಆರ್ ರೈಲು ಬೇ ರಿಡ್ಜ್‌ನಿಂದ ಆಸ್ಟೋರಿಯಾಕ್ಕೆ ಹೋಗುತ್ತಿತ್ತು. ಎರಡೂ ತುದಿಯಲ್ಲಿ ಯಾರ್ಡ್ ಇಲ್ಲ! ಎನ್‌ಗೆ ಒಂದು ತುದಿಯಲ್ಲಿ ಕೋನಿ ಐಲೆಂಡ್ ಯಾರ್ಡ್, ಇನ್ನೊಂದು ತುದಿ ಕ್ವೀನ್ಸ್ ಬುಲೆವಾರ್ಡ್‌ನಲ್ಲಿ ಜಮೈಕಾ ಯಾರ್ಡ್ ಬಳಿ. ಒಬ್ಬರಿಗೆ ಎರಡು, ಒಬ್ಬರಿಗೆ ಸೊನ್ನೆ. 1987ರ ಮೇ 24ರಂದು ಇಬ್ಬರ ಉತ್ತರದ ತುದಿಗಳನ್ನು ಬದಲಿಸಿದರು. ಎನ್ ಆಸ್ಟೋರಿಯಾಕ್ಕೆ ಹೋಯಿತು, ಆರ್ ಫಾರೆಸ್ಟ್ ಹಿಲ್ಸ್‌ಗೆ ಬಂದು ಜಮೈಕಾ ಯಾರ್ಡ್ ಪಡೆಯಿತು. ಇವತ್ತು ಯಾರಾದರೂ "ಆರ್ ಅನ್ನು ಮತ್ತೆ ಆಸ್ಟೋರಿಯಾಕ್ಕೆ ಕಳಿಸಿದರೆ ಕ್ವೀನ್ಸ್‌ನಲ್ಲಿ ಎಂ ಒಂದೇ ಆರಾಮಾಗಿ ಓಡಬಹುದು" ಅಂದ ತಕ್ಷಣ, ಐದು ನಿಮಿಷದೊಳಗೆ ಇನ್ನೊಬ್ಬರು "ಯಾರ್ಡ್ ಎಲ್ಲಿದೆ?" ಅಂತ ಕೇಳೇ ಕೇಳುತ್ತಾರೆ. ಗಡಿಯಾರ ಇಟ್ಟು ನೋಡಬಹುದು.

ಕೊನೆಯ ನಿಲ್ದಾಣದ್ದೂ ಇಂಥದ್ದೇ ತಲೆನೋವು. ಜಮೈಕಾ ಸೆಂಟರ್ 1988ರಲ್ಲಿ ತೆರೆದದ್ದು, ಮಾರ್ಗ ಮುಂದೆ ಇನ್ನೂ ಬೆಳೆಯುತ್ತದೆ ಅನ್ನುವ ನಂಬಿಕೆಯಲ್ಲಿ ಕಟ್ಟಿದ್ದು. ಬೆಳೆಯಲಿಲ್ಲ. ಹಳಿ ಬದಲಿಸುವ ಪಾಯಿಂಟ್ಸ್ ಪ್ಲಾಟ್‌ಫಾರ್ಮಿನಿಂದ ದೂರದಲ್ಲಿವೆ, ಹಾಗಾಗಿ ಒಂದು ರೈಲು ತಿರುಗಿಕೊಂಡು ಹೊರಬೀಳಲು ಹೊತ್ತು ಹಿಡಿಯುತ್ತದೆ. ಇ ರೈಲಿಗೆ ಅಲ್ಲಿ ಗಂಟೆಗೆ 12ರಷ್ಟೇ ಮಿತಿ. ಅದಕ್ಕಾಗಿ ರಷ್ ಅವರ್‌ನಲ್ಲಿ ಕೆಲವು ಇ ರೈಲುಗಳನ್ನು 179ನೇ ಬೀದಿಗೆ ಕಳಿಸುತ್ತಾರೆ. ನಡುವೆ ಎಷ್ಟೇ ಸಿಕ್ಕು ಬಿಡಿಸಿದರೂ ತುದಿಯಲ್ಲಿ ಬಾಟಲಿಯ ಕುತ್ತಿಗೆ ಸಣ್ಣದಿದ್ದರೆ ಅಷ್ಟೇ ಸುರಿಯುವುದು.

ಎಂ ರೈಲಿನ ಹುಟ್ಟಿನ ಕಥೆ ನನಗೆ ಯಾವಾಗಲೂ ಇಷ್ಟ. ಈಗಿನ ಎಂ ಯಾವ ಜಾಣರ ಯೋಜನೆಯೂ ಅಲ್ಲ, ದುಡ್ಡಿಲ್ಲದೆ ಆದದ್ದು. 2010ರ ಜೂನ್‌ನಲ್ಲಿ ಬಜೆಟ್ ಕಡಿತಕ್ಕೆ ವಿ ಮತ್ತು ಡಬ್ಲ್ಯೂ ಎರಡನ್ನೂ ನಿಲ್ಲಿಸಿದರು. ಆರನೇ ಅವೆನ್ಯೂದಲ್ಲಿ ವಿ ಮಾಡುತ್ತಿದ್ದ ಕೆಲಸವನ್ನು ಎಂ ತಲೆಗೆ ಕಟ್ಟಿದರು. ಅದಕ್ಕೆ ಕ್ರಿಸ್ಟಿ ಸ್ಟ್ರೀಟ್ ಕೊಂಡಿಯಲ್ಲಿ 1976ರಿಂದ ಪ್ರಯಾಣಿಕರ ರೈಲು ಓಡದೆ ಬಿದ್ದಿದ್ದ ಒಂದು ಕವಲನ್ನು ಮತ್ತೆ ಬಳಸಿದರು. ಹೊಸ ಮಾರ್ಗಕ್ಕೆ ವಿ ಅಂತಲೇ ಹೆಸರಿಡಬೇಕು ಅಂತ ಮೊದಲ ಯೋಚನೆ, ಎಂ ಜನಕ್ಕೆ ಹಳೇ ಪರಿಚಯ ಅಂತ ಎಂ ಉಳಿಯಿತು. ಬಣ್ಣ ಮಾತ್ರ ಕಂದಿನಿಂದ ಕಿತ್ತಳೆ ಆಯಿತು, ಯಾಕೆಂದರೆ ಅಲ್ಲಿ ಬಣ್ಣ ನಿರ್ಧಾರವಾಗುವುದು ಮ್ಯಾನ್‌ಹಟನ್‌ನಲ್ಲಿ ಯಾವ ಅವೆನ್ಯೂ ಕೆಳಗೆ ಓಡುತ್ತದೆ ಅನ್ನುವುದರ ಮೇಲೆ. ಕಡಿತ ಅಂತ ಬಂದದ್ದು ವಿಲಿಯಮ್ಸ್‌ಬರ್ಗ್, ಬುಶ್‌ವಿಕ್ ಕಡೆಯವರಿಗೆ ಮ್ಯಾನ್‌ಹಟನ್‌ನ ಮಿಡ್‌ಟೌನ್‌ಗೆ ನೇರ ರೈಲಾಗಿ ಸಿಕ್ಕಿತು. ಡಬ್ಲ್ಯೂ 2016ರಲ್ಲಿ ವಾಪಸ್ ಬಂತು, ವಿ ಬರಲಿಲ್ಲ, ಯಾರೂ ಅಷ್ಟಾಗಿ ಕೇಳಲೂ ಇಲ್ಲ.

ಇಂಥ ಬದಲಾವಣೆ ಸುಮ್ನೆ ಒಂದು ಬೆಳಗ್ಗೆ ಆಗಿಬಿಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಬ್‌ವೇ ನಡೆಸುವ ಎಂಟಿಎದ ಮಂಡಳಿ ಮತ ಹಾಕಬೇಕು. ದೊಡ್ಡ ಬದಲಾವಣೆಯಾದರೆ 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಭಾಗ ಮತ್ತು ಅದಕ್ಕೆ ಸಂಬಂಧಿಸಿದ ನಿಯಮಗಳ ಪ್ರಕಾರ ಬಡವರ ಮೇಲೆ, ಅಲ್ಪಸಂಖ್ಯಾತರ ಮೇಲೆ ಹೊರೆ ಜಾಸ್ತಿ ಬೀಳುತ್ತದಾ ಅಂತ ಲೆಕ್ಕ ಹಾಕಬೇಕು. ನಕ್ಷೆ ಬರೆಯುವವರಿಗೆ ಇದು ಬೋರು. ನಕ್ಷೆಯ ತಪ್ಪು ತುದಿಯಲ್ಲಿ ಮನೆ ಇರುವವರಿಗೆ ಅಲ್ಲ.

ಇನ್ನು ಹೊಸ ಮಾರ್ಗಗಳು. ಎರಡನೇ ಅವೆನ್ಯೂ ಸಬ್‌ವೇ ಬಗ್ಗೆ ಎಷ್ಟು ಬರೆದರೂ ಮುಗಿಯದು, ಅದಕ್ಕೇ ಸ್ವಲ್ಪವೇ ಬರೆಯುತ್ತೇನೆ. ಮಾತು ಶುರುವಾಗಿ ನೂರು ವರ್ಷ ಆಯಿತು. 1972ರಲ್ಲಿ ಅಗೆಯಲು ಶುರು, 1975ರಲ್ಲಿ ನಗರದ ಬೊಕ್ಕಸ ಖಾಲಿಯಾಗಿ ನಿಂತಿತು, 2017ರ ಜನವರಿ 1ರಂದು ಮೂರು ಹೊಸ ನಿಲ್ದಾಣಗಳೊಂದಿಗೆ ಮೊದಲ ಹಂತ ತೆರೆಯಿತು. ಖರ್ಚು ಸುಮಾರು 4.5 ಬಿಲಿಯನ್ ಡಾಲರ್. 125ನೇ ಬೀದಿಯವರೆಗಿನ ಎರಡನೇ ಹಂತಕ್ಕೆ ಸುಮಾರು 7.7 ಬಿಲಿಯನ್ ಅಂದಾಜು. ಅಷ್ಟು ದುಡ್ಡು ಸುರಿದ ಮಾರ್ಗದಲ್ಲಿ ಮುಖ್ಯವಾಗಿ ಓಡುವುದು ಕ್ಯೂ ಒಂದೇ. ಎನ್ ಅನ್ನು ಲೋಕಲ್‌ಗೆ ದಾಟಿಸದೆ ನೇರ ಕ್ಯೂ ಜೊತೆ ಎರಡನೇ ಅವೆನ್ಯೂಗೆ ಬಿಡಿ ಅನ್ನುವುದು ಸಿಕ್ಕು ಬಿಡಿಸುವವರ ವಾದ. ಒಳ್ಳೆಯದೇ. ಆಗ ಆಸ್ಟೋರಿಯಾದವರಿಗೆ ಉಳಿಯುವುದು ಡಬ್ಲ್ಯೂ, ಅಲ್ಲಿ ಯಾರ್ಡ್ ಇಲ್ಲ, ಮತ್ತೆ ಅದೇ ಪ್ರಶ್ನೆ.

ಇಂಟರ್‌ಬರೋ ಎಕ್ಸ್‌ಪ್ರೆಸ್ ಮೇಲೆ ಇನ್ನೊಂದು ಬಗೆಯ ಜಗಳ. ಬ್ರೂಕ್ಲಿನ್‌ನ ಬೇ ರಿಡ್ಜ್‌ನಿಂದ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ವರೆಗೆ, ಮ್ಯಾನ್‌ಹಟನ್ ಮುಟ್ಟದೆ, ಈಗಿರುವ ಗೂಡ್ಸ್ ರೈಲಿನ ದಾರಿಯಲ್ಲೇ 14 ಮೈಲಿ, 19 ನಿಲ್ದಾಣ. ಗವರ್ನರ್ ಕ್ಯಾಥಿ ಹೋಕುಲ್ 2022ರ ಜನವರಿಯಲ್ಲಿ ಮುಂದಿಟ್ಟದ್ದು, ಅಂದಾಜು 5.5 ಬಿಲಿಯನ್ ಡಾಲರ್. ಸಬ್‌ವೇ ರೈಲು ಬೇಡ, ಟ್ರಾಮ್ ತರಹದ ಲೈಟ್ ರೈಲ್ ಸಾಕು ಅಂತ ತೀರ್ಮಾನ ಆದಾಗ ಹುಚ್ಚರು ಉರಿದುಬಿದ್ದರು. ಬೇರೆ ಯಾವ ಸಬ್‌ವೇ ಮಾರ್ಗಕ್ಕೂ ಆ ಗಾಡಿಗಳು ಹೋಗುವಂತಿಲ್ಲ, ಇದೆಂಥ ಅನಾಥ ಮಾರ್ಗ ಅಂತ. ನನಗೆ ಆ ಸಿಟ್ಟು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇಷ್ಟು ಹೊತ್ತು ಸೇರುವ ಜಾಗಗಳನ್ನು ಬೈದು, ಈಗ ಯಾರ ಜೊತೆಗೂ ಸೇರದ ಮಾರ್ಗ ಬಂದರೆ ಅದನ್ನೂ ಬೈದರೆ ಹೇಗೆ? ನಿಲ್ದಾಣಗಳಲ್ಲಿ ಸಬ್‌ವೇಗೆ ದಾಟುವ ದಾರಿ ಎಷ್ಟು ಗಿಡ್ಡ ಇರುತ್ತದೆ ಅನ್ನುವುದನ್ನು ಹಿಡಿದು ಜಗಳ ಆಡಬೇಕಿತ್ತು.

ಕ್ವೀನ್ಸ್‌ಲಿಂಕ್ ಮಾತ್ರ ನಮ್ಮನ್ನು ಮತ್ತೆ ಎಂ ಹತ್ತಿರಕ್ಕೇ ತರುತ್ತದೆ. 1962ರಲ್ಲಿ ಮುಚ್ಚಿದ ರಾಕವೇ ಬೀಚ್ ರೈಲು ಕವಲು ಸುಮಾರು 3.5 ಮೈಲಿ ಉದ್ದಕ್ಕೆ ಗಿಡಗಂಟಿ ಬೆಳೆದುಕೊಂಡು ಬಿದ್ದಿದೆ. ಅದನ್ನು ಪಾರ್ಕ್ ಮಾಡಬೇಕು ಅನ್ನುವವರು ಕ್ವೀನ್ಸ್‌ವೇ ಕಡೆ, ರೈಲು ಬಿಡಬೇಕು ಅನ್ನುವವರು ಕ್ವೀನ್ಸ್‌ಲಿಂಕ್ ಕಡೆ. ರೈಲಿನವರ ಯೋಜನೆಯಲ್ಲಿ ಎಂ 63ನೇ ಡ್ರೈವ್ ನಿಲ್ದಾಣ ದಾಟಿದ ಮೇಲೆ ಕವಲೊಡೆದು ದಕ್ಷಿಣಕ್ಕೆ ರಾಕವೇಗೆ ಹೋಗುತ್ತದೆ. ಆ ಕವಲಿಗೆ ಬೇಕಾದ ಸುರಂಗದ ಬಾಯಿಯನ್ನು ಐಎನ್‌ಡಿ ಕಟ್ಟಿದವರು ಅಲ್ಲಿ ಆಗಲೇ ಬಿಟ್ಟು ಹೋಗಿದ್ದಾರೆ. ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಇದಕ್ಕೆ ಕೇಳಿ ನೋಡಿ. ಹೊಸದಾಗಿ ಯಾರ ಜೊತೆ ಸೇರಬೇಕು? ಎಂ-ಆರ್ ಈಗಾಗಲೇ ಜೊತೆಗಿವೆ, ಎಕ್ಸ್‌ಪ್ರೆಸ್‌ಗೆ ತೊಂದರೆ ಇಲ್ಲ. ಕೊನೆಯ ನಿಲ್ದಾಣ? ಫಾರೆಸ್ಟ್ ಹಿಲ್ಸ್‌ನಲ್ಲಿ ಈಗ ಎಂ ಮತ್ತು ಆರ್ ಎರಡೂ ತಿರುಗಿಕೊಳ್ಳಲು ಪರದಾಡುತ್ತವೆ, ಎಂ ಹೋದರೆ ಅಲ್ಲಿ ಜಾಗ ಆಗುತ್ತದೆ. ಯಾರ್ಡ್? ಎಂಗೆ ಇನ್ನೊಂದು ತುದಿಯಲ್ಲಿ ಫ್ರೆಶ್ ಪಾಂಡ್ ಯಾರ್ಡ್ ಇದೆ. ಕಾಗದದ ಮೇಲೆ ಇಷ್ಟು ಸಲೀಸಾಗಿ ಪಾಸಾಗುವ ಪ್ರಸ್ತಾಪ ಕಡಿಮೆ.

ಆದರೆ 63ನೇ ಡ್ರೈವ್‌ಗೂ ಫಾರೆಸ್ಟ್ ಹಿಲ್ಸ್‌ಗೂ ನಡುವೆ ಒಂದೇ ಒಂದು ಲೋಕಲ್ ನಿಲ್ದಾಣ ಇದೆ, 67ನೇ ಅವೆನ್ಯೂ. ಎಂ ಮೊದಲೇ ತಿರುಗಿಬಿಟ್ಟರೆ ಹಗಲು ಹೊತ್ತು ಅಲ್ಲಿಗೆ ಆರ್ ಒಂದೇ ಗತಿ. ಆ ಆರ್, ಬೇ ರಿಡ್ಜ್‌ನಿಂದ ಹೊರಟು, ಮೂವರಿಗೆ ದಾರಿ ಬಿಟ್ಟು ಬರಬೇಕಾದದ್ದು.